ಬಿಲ್ಡ್ ಯಾಕೆ ಬಿತ್ತು ಅಂತ ಬಿಲ್ಡನ್ನೇ ಕೇಳೋಣ

ಸಿಐ ಪೈಪ್‌ಲೈನಿಗೆ ಬಿಲ್ಡ್ ಅನಾಲಿಟಿಕ್ಸ್ ಜೋಡಿಸುವ ಪಾಠ

ವಿಟಿಯು 2022ರ ಸ್ಕೀಮಿನ ಆರನೇ ಸೆಮಿಸ್ಟರಿನಲ್ಲಿ ಆಯ್ದುಕೊಳ್ಳಬಹುದಾದ ಡೆವ್‌ಆಪ್ಸ್ ಲ್ಯಾಬ್ ಒಂದಿದೆ. ಮೇವನ್, ಗ್ರೇಡಲ್, ಜೆಂಕಿನ್ಸ್ ಎಲ್ಲ ಅದರಲ್ಲಿ ಬರುತ್ತವೆ. ಒಂದು ಪುಟ್ಟ ಜಾವಾ ಪ್ರೋಗ್ರಾಂ ಬರೆದು, ಜೆಂಕಿನ್ಸ್‌ನಲ್ಲಿ ಜಾಬ್ ಮಾಡಿ, ಹಸಿರು ಟಿಕ್ಕಿನ ಸ್ಕ್ರೀನ್‌ಶಾಟ್ ತೆಗೆದು ರೆಕಾರ್ಡ್‌ಗೆ ಅಂಟಿಸಿದರೆ ಆ ವಾರದ ಪ್ರಯೋಗ ಮುಗಿಯಿತು. ಲ್ಯಾಬ್ ಅಲ್ಲಿಗೆ ನಿಲ್ಲುತ್ತದೆ. ನಿಜವಾದ ಕಷ್ಟ ಶುರುವಾಗೋದು ಅದರ ಮುಂದೆ, ಫೈನಲ್ ಇಯರ್ ಪ್ರಾಜೆಕ್ಟಿನಲ್ಲಿ. ಅಲ್ಲಿ ಟಿಕ್ಕು ಒಂದು ದಿನ ಹಸಿರು, ಒಂದು ದಿನ ಕೆಂಪು. ಯಾಕೆ ಅಂತ ಯಾರಿಗೂ ಗೊತ್ತಿರೋದಿಲ್ಲ.

ಮಾತಿಗೆ ಒಂದು ಪ್ರಾಜೆಕ್ಟ್ ಇಟ್ಟುಕೊಳ್ಳೋಣ. ನಾಲ್ಕು ಜನರ ಟೀಮು. ಒಬ್ಬರು ಹಾಸನದವರೇ, ಒಬ್ಬರು ಹೊಳೆನರಸೀಪುರದಿಂದ ದಿನಾ ಓಡಾಡುವವರು, ಒಬ್ಬರದು ಅರಕಲಗೂಡು, ಇನ್ನೊಬ್ಬರದು ಚನ್ನರಾಯಪಟ್ಟಣ. ನಾಲ್ಕೂ ತಾಲ್ಲೂಕಿನ ಮಾರುಕಟ್ಟೆ ದರ ತೋರಿಸುವ ಆ್ಯಪ್ ಮಾಡ್ತಿದ್ದಾರೆ. ಹಾಸನ, ಅರಕಲಗೂಡಿನ ಕಡೆ ಆಲೂಗಡ್ಡೆ, ಹೊಳೆನರಸೀಪುರದ ಕಡೆ ಭತ್ತ, ಚನ್ನರಾಯಪಟ್ಟಣದ ಕಡೆ ತೆಂಗು, ಕೊಬ್ಬರಿ. ರಾಜ್ಯ ಕೃಷಿ ಮಾರಾಟ ಮಂಡಳಿಯ ಕೃಷಿ ಮಾರಾಟ ವಾಹಿನಿಯಲ್ಲಿ ದಿನದ ದರ ಸಿಗುತ್ತದೆ. ಅದನ್ನು ತಾಲ್ಲೂಕುವಾರು ವಿಂಗಡಿಸಿ, ಕನ್ನಡದಲ್ಲಿ, ರೈತರ ಫೋನಿಗೆ ಮುಟ್ಟಿಸಬೇಕು. ಕೋಡ್ ಜಾವಾದಲ್ಲಿ, ಬಿಲ್ಡ್ ಗ್ರೇಡಲ್‌ನಲ್ಲಿ. ಗಿಟ್‌ಹಬ್‌ಗೆ ಪುಶ್ ಮಾಡಿದಾಗಲೆಲ್ಲ ಗಿಟ್‌ಹಬ್ ಆಕ್ಷನ್ಸ್ ಎದ್ದು ಬಿಲ್ಡ್ ಮಾಡಿ ಟೆಸ್ಟ್ ಓಡಿಸುತ್ತದೆ.

ರಿವ್ಯೂಗೆ ಹಿಂದಿನ ರಾತ್ರಿ ಒಂದೂಕಾಲಿಗೆ ಒಬ್ಬರು ಪುಶ್ ಮಾಡ್ತಾರೆ. ಕೆಂಪು. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಮಾತು ಹೀಗಿರುತ್ತದೆ:

"ಮಗಾ, ನನ್ ಲ್ಯಾಪ್‌ಟಾಪಲ್ಲಿ ಪಾಸ್ ಆಯ್ತಲ್ಲೋ."

"ಏನೂ ಆಗಿಲ್ಲ ಮಲ್ಕೊಳೋ. ಬೆಳಗ್ಗೆ ಎದ್ದು ರೀ-ರನ್ ಹೊಡಿ, ಸರಿಹೋಗುತ್ತೆ."

ಬೆಳಗ್ಗೆ ಎಂಟಕ್ಕೆ ರೀ-ರನ್ ಹೊಡೆದರೆ ನಿಜಕ್ಕೂ ಹಸಿರು! ಒಂದಕ್ಷರ ಕೋಡ್ ಬದಲಾಗಿಲ್ಲ. ಇದು ತಿಂಗಳಿಗೆ ನಾಲ್ಕೈದು ಸಲ ಆಗಿ ಆಗಿ, ಕೊನೆಗೆ ಎಲ್ಲರೂ ಅದಕ್ಕೆ ಒಗ್ಗಿಹೋಗುತ್ತಾರೆ. ಅದಕ್ಕೊಂದು ಹೆಸರೂ ಇದೆ, ಫ್ಲೇಕಿ ಟೆಸ್ಟ್. ಹೆಸರು ಕೊಟ್ಟ ಕೂಡಲೇ ಕಾಯಿಲೆ ಗೊತ್ತಾಯಿತು ಅಂದುಕೊಳ್ಳೋದು ನಮ್ಮ ಅಭ್ಯಾಸ. ಈ ಟೆಸ್ಟ್ ಏನು ಹೇಳ್ತಿತ್ತು ಅನ್ನೋದಕ್ಕೆ ಆಮೇಲೆ ಬರೋಣ. ಮೊದಲು ಅದನ್ನು ಕೇಳಿಸಿಕೊಳ್ಳುವ ಉಪಕರಣ ಬೇಕು.

ಸಾಲಗಾಮೆ ರಸ್ತೆಯಿಂದ ಒಂದು ಉದಾಹರಣೆ

ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, ಅಂದರೆ ಎಂಸಿಎಫ್ ಇದೆ. 1982ರಲ್ಲಿ ಇನ್ಸಾಟ್-1ಎ ಉಪಗ್ರಹದ ಕಾಲಕ್ಕೆ ಶುರುವಾದದ್ದು. ಆ ದೊಡ್ಡ ಬಿಳಿ ಆಂಟೆನಾಗಳನ್ನು ಬಸ್ಸಿನ ಕಿಟಕಿಯಿಂದ ನೋಡಿ ನಮಗೆಲ್ಲ ಎಷ್ಟು ಅಭ್ಯಾಸ ಆಗಿದೆ ಅಂದರೆ, ಒಳಗೆ ಏನು ನಡೆಯುತ್ತೆ ಅಂತ ಕೇಳೋದನ್ನೇ ಬಿಟ್ಟಿದ್ದೇವೆ. ಅಲ್ಲಿ ನಡೆಯುವ ಮುಖ್ಯ ಕೆಲಸಗಳಲ್ಲಿ ಒಂದು ಟೆಲಿಮೆಟ್ರಿ. ಸುಮಾರು 36,000 ಕಿ.ಮೀ. ಎತ್ತರದಲ್ಲಿರುವ ಉಪಗ್ರಹದ ಹತ್ತಿರ ಹೋಗಿ ಮುಟ್ಟಿ ನೋಡೋಕಾಗಲ್ಲ. ಬ್ಯಾಟರಿ ಎಷ್ಟಿದೆ, ಯಾವ ಭಾಗ ಎಷ್ಟು ಬಿಸಿಯಾಗಿದೆ, ಯಾವ ಕಡೆ ತಿರುಗಿದೆ ಅನ್ನೋದನ್ನೆಲ್ಲ ಅದೇ ಅಂಕಿಗಳಲ್ಲಿ ಕಳಿಸುತ್ತಿರಬೇಕು. ಕೆಳಗಿರುವವರು ಓದುತ್ತಿರಬೇಕು. 2018ರ ಮಾರ್ಚ್ 29ರಂದು ಹಾರಿದ ಜಿಸ್ಯಾಟ್-6ಎ ವಿಷಯ ನಿಮಗೆ ನೆನಪಿರಬಹುದು. ಹಾಸನದಿಂದ ಆದೇಶ ಕೊಟ್ಟು ಕಕ್ಷೆ ಏರಿಸುವ ಎರಡು ಹಂತ ಯಶಸ್ವಿಯಾಗಿದ್ದವು. ಏಪ್ರಿಲ್ 1ರ ಮೂರನೇ ಹಂತಕ್ಕೆ ಮೊದಲೇ ಸಂಪರ್ಕ ಕಡಿದುಹೋಯಿತು. ಅಂಥ ಹೊತ್ತಿನಲ್ಲಿ ಕೈಯಲ್ಲಿ ಉಳಿಯೋದು ಸಂಪರ್ಕ ಕಡಿಯುವ ಮೊದಲು ಬಂದ ಅಂಕಿಗಳಷ್ಟೇ.

ಗಿಟ್‌ಹಬ್ ಕೊಡುವ ರನ್ನರ್ ಕೂಡ ನಮಗೆ ಅಷ್ಟೇ ದೂರ. ಪ್ರತಿ ಜಾಬಿಗೂ ಒಂದು ಹೊಸ ವರ್ಚುವಲ್ ಮಷೀನ್ ಹುಟ್ಟುತ್ತದೆ, ಜಾಬ್ ಮುಗಿದ ಮೇಲೆ ಅದು ಇರೋದೇ ಇಲ್ಲ. ಬೆಳಗ್ಗೆ ಎದ್ದು "ನಿನ್ನೆ ರಾತ್ರಿಯ ಮಷೀನಿನಲ್ಲಿ ಏನಾಗಿತ್ತು ನೋಡೋಣ" ಅಂದರೆ ಆ ಮಷೀನೇ ಇಲ್ಲ. ಉಳಿಯೋದು ಲಾಗ್. ಲಾಗ್ ಅಂದರೆ ಸಾವಿರಾರು ಸಾಲು ಪಠ್ಯ. ಅದರಲ್ಲಿ ಯಾವ ಟೆಸ್ಟ್ ಬಿತ್ತು ಅಂತ ಸಿಗುತ್ತದೆ. ಯಾವ ಟಾಸ್ಕಿಗೆ ಎಷ್ಟು ಹೊತ್ತು ಹಿಡಿಯಿತು, ಯಾವುದು ಯಾವುದಕ್ಕೆ ಕಾದು ಕೂತಿತ್ತು, ಎಷ್ಟು ಸಮಯ ಬರೀ ಡೌನ್‌ಲೋಡಿಗೆ ಹೋಯಿತು, ಜಾವಾ ಯಾವ ಆವೃತ್ತಿ, ಅಕ್ಷರಗಳ ಎನ್‌ಕೋಡಿಂಗ್ ಯಾವುದು, ಇವೆಲ್ಲ ಅದರಲ್ಲಿ ಒಂದೋ ಇರಲ್ಲ, ಇದ್ದರೂ ಕಣ್ಣಿಗೆ ಬೀಳಲ್ಲ.

ಬಿಲ್ಡ್ ಅನಾಲಿಟಿಕ್ಸ್ ಸೇವೆ ಮಾಡೋದು ಈ ಕೆಲಸ. ಬಿಲ್ಡಿನ ಒಳಗೇ ಒಂದು ಪ್ಲಗಿನ್ ಕೂತು ನಡೆದದ್ದನ್ನೆಲ್ಲ ವಿಂಗಡಿಸಿ ಬರೆದುಕೊಳ್ಳುತ್ತದೆ, ಕೊನೆಗೆ ಒಂದು ಸರ್ವರಿಗೆ ಕಳಿಸುತ್ತದೆ, ನಮಗೆ ಒಂದು ಲಿಂಕ್ ಕೊಡುತ್ತದೆ. ಇಂಥವು ಹಲವಿವೆ. ಗ್ರೇಡಲ್ ಬಳಸುವವರಿಗೆ ಹತ್ತಿರದ್ದು ಬಿಲ್ಡ್ ಸ್ಕ್ಯಾನ್. ಗ್ರೇಡಲ್ ಕಂಪನಿಯೇ ಮಾಡಿದ್ದು, ಮೇವನ್‌ಗೂ ಆಗುತ್ತದೆ. ಕಂಪನಿಗಳಿಗೆ ಮಾರುವ ದೊಡ್ಡ ಸರ್ವರಿನ ಹೆಸರು ಡೆವಲಾಸಿಟಿ. 2023ರವರೆಗೆ ಅದನ್ನು ಗ್ರೇಡಲ್ ಎಂಟರ್‌ಪ್ರೈಸ್ ಅಂತ ಕರೀತಿದ್ದರು. ಯೂಟ್ಯೂಬಿನ ಹಳೇ ವಿಡಿಯೊ ನೋಡಿ ಹಳೇ ಪ್ಲಗಿನ್ ಹೆಸರು ಹಾಕಿ ತಲೆ ಕೆರೆದುಕೊಳ್ಳುವವರು ಬಹಳ ಜನ, ಅದಕ್ಕೇ ಈ ಮಾತು. ವಿದ್ಯಾರ್ಥಿಗಳಿಗೆ ಸಾಕಾಗೋದು ಉಚಿತ ಸಾರ್ವಜನಿಕ ಸೇವೆ. ಅದು ಒಂದೊಂದು ಬಿಲ್ಡನ್ನು ಬಿಡಿಬಿಡಿಯಾಗಿ ತೋರಿಸುತ್ತದೆ. ನೂರು ಬಿಲ್ಡ್ ಒಟ್ಟಿಗೆ ಇಟ್ಟು ಹೋಲಿಸುವ ಸೌಲಭ್ಯ ಡೆವಲಾಸಿಟಿಯಲ್ಲಿ ಮಾತ್ರ. ಆ ಕೊರತೆಗೆ ನಾವೇ ಒಂದು ಉಪಾಯ ಮಾಡಿಕೊಳ್ಳಬೇಕು, ಹೇಳ್ತೀನಿ.

ಜೋಡಿಸೋದು ಹೇಗೆ

ಕೋಡನ್ನು ಇಲ್ಲಿ ಸಾಲು ಸಾಲಾಗಿ ಹಾಕುತ್ತಿಲ್ಲ. ಆವೃತ್ತಿ ಸಂಖ್ಯೆಗಳು ಬದಲಾಗುತ್ತಲೇ ಇರುತ್ತವೆ, ಗ್ರೇಡಲ್‌ನವರ ಡಾಕ್ಯುಮೆಂಟೇಶನ್ ಚೆನ್ನಾಗಿದೆ, ಅಲ್ಲಿಂದ ತಗೊಳ್ಳಿ. ಎಲ್ಲಿ ಎಡವುತ್ತೇವೆ ಅನ್ನೋದು ಮುಖ್ಯ.

ಮೊದಲು ನಿಮ್ಮ ಲ್ಯಾಪ್‌ಟಾಪಿನಲ್ಲಿ ನೋಡಿ. ಎಂದಿನ ಬಿಲ್ಡ್ ಕಮ್ಯಾಂಡಿನ ಕೊನೆಗೆ ಎರಡು ಅಡ್ಡಗೆರೆ ಹಾಕಿ 'ಸ್ಕ್ಯಾನ್' ಅಂತ ಸೇರಿಸಿದರೆ ಸಾಕು. ಬಿಲ್ಡ್ ಮುಗಿದ ಮೇಲೆ "ಸೇವೆಯ ಷರತ್ತುಗಳಿಗೆ ಒಪ್ಪಿಗೆಯಾ?" ಅಂತ ಕೇಳುತ್ತದೆ. ಯೆಸ್ ಅಂತ ಟೈಪ್ ಮಾಡಿದರೆ ಲಿಂಕ್ ಬರುತ್ತದೆ.

ಇದೇ ಕಮ್ಯಾಂಡನ್ನು ಸಿಐಗೆ ಹಾಕಿದರೆ ಲಿಂಕ್ ಬರಲ್ಲ. ಕಾರಣ ಸರಳ. ಅಲ್ಲಿ ಯೆಸ್ ಅನ್ನೋಕೆ ಯಾರೂ ಕೂತಿಲ್ಲ. ಹಾಗಾಗಿ ಒಪ್ಪಿಗೆಯನ್ನು ಮೊದಲೇ ಬರೆದಿಡಬೇಕು. ಇದಕ್ಕೆ ಎರಡು ದಾರಿ ಇವೆ. ಪ್ರಾಜೆಕ್ಟಿನ ಸೆಟ್ಟಿಂಗ್ಸ್ ಫೈಲಿನ ತಲೆಯಲ್ಲಿ ಡೆವಲಾಸಿಟಿ ಪ್ಲಗಿನ್ ಸೇರಿಸಿ, ಅದರ ಬಿಲ್ಡ್ ಸ್ಕ್ಯಾನ್ ಭಾಗದಲ್ಲಿ ಷರತ್ತಿನ ವಿಳಾಸ ಮತ್ತು ಒಪ್ಪಿಗೆ ಎರಡನ್ನೂ ಬರೆಯೋದು ಒಂದು. ಗಮನಿಸಿ, ಇದು ಸೆಟ್ಟಿಂಗ್ಸ್ ಫೈಲು, ಬಿಲ್ಡ್ ಫೈಲಲ್ಲ. ಇನ್ನೊಂದು, ಗಿಟ್‌ಹಬ್ ಆಕ್ಷನ್ಸಿನ ಸೆಟಪ್-ಗ್ರೇಡಲ್ ಅನ್ನುವ ಆಕ್ಷನ್‌ಗೇ "ಸ್ಕ್ಯಾನ್ ಪ್ರಕಟಿಸು, ಷರತ್ತು ಒಪ್ಪಿದೆ" ಅಂತ ವರ್ಕ್‌ಫ್ಲೋ ಫೈಲಿನಲ್ಲಿ ಹೇಳೋದು. ಎರಡನೆಯದರಲ್ಲಿ ಬಿಲ್ಡ್ ಸ್ಕ್ರಿಪ್ಟ್ ಮುಟ್ಟೋದೇ ಬೇಡ, ಲಿಂಕ್ ಕೂಡ ಜಾಬಿನ ಸಾರಾಂಶ ಪುಟದಲ್ಲೇ ಬಂದು ಕೂರುತ್ತದೆ. ಆದರೂ ನನ್ನ ಆಯ್ಕೆ ಮೊದಲನೆಯದು. ಮುಂದೆ ಹೇಳುವ ಬಂದೋಬಸ್ತುಗಳನ್ನೆಲ್ಲ ಬರೆಯೋಕೆ ಜಾಗ ಇರೋದು ಅಲ್ಲಿ.

ಇಲ್ಲಿ ಎಂಸಿಎಫ್ ಮತ್ತೆ ನೆನಪಿಗೆ ಬರಬೇಕು. ಪ್ಲಗಿನ್ ಸುಮ್ಮನೆ ಬಿಟ್ಟರೆ ಮಾಹಿತಿಯನ್ನು ಹಿನ್ನೆಲೆಯಲ್ಲಿ ಕಳಿಸುತ್ತದೆ, ಅಂದರೆ ಬಿಲ್ಡ್ ಮುಗಿಯಿತು ಅಂತ ಹೇಳಿ, ಆಮೇಲೆ ನಿಧಾನಕ್ಕೆ ಅಪ್‌ಲೋಡ್ ಮಾಡುತ್ತದೆ. ಲ್ಯಾಪ್‌ಟಾಪಿನಲ್ಲಿ ಇದು ಒಳ್ಳೆಯದೇ, ನೀವು ಕಾಯಬೇಕಿಲ್ಲ. ಸಿಐನಲ್ಲಿ ಮಾತ್ರ ಜಾಬ್ ಮುಗಿದ ಕೂಡಲೇ ಮಷೀನೇ ಹೋಗಿಬಿಡುತ್ತದೆ, ಅಪ್‌ಲೋಡ್ ಅರ್ಧಕ್ಕೆ ನಿಲ್ಲಬಹುದು. ಆದ್ದರಿಂದ ಸಿಐನಲ್ಲಿದ್ದಾಗ ಹಿನ್ನೆಲೆ ಅಪ್‌ಲೋಡ್ ಬೇಡ ಅಂತ ಸೆಟ್ಟಿಂಗ್ ಹಾಕಿ. ಸಿಐನಲ್ಲಿ ಇದ್ದೇವೋ ಇಲ್ಲವೋ ಅಂತ ತಿಳಿಯೋದು ಸುಲಭ. ಗಿಟ್‌ಹಬ್ ಆಕ್ಷನ್ಸ್ ಪ್ರತಿ ಜಾಬಿನಲ್ಲೂ 'ಸಿಐ' ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್ಲಿಗೆ 'ಟ್ರೂ' ಅಂತ ಇಟ್ಟಿರುತ್ತದೆ. ಅದೇ ವೇರಿಯಬಲ್ ನೋಡಿ, ಸಿಐನಲ್ಲಿದ್ದರೆ ಮಾತ್ರ ಪ್ರಕಟಿಸು ಅನ್ನುವ ಷರತ್ತನ್ನೂ ಹಾಕಿಬಿಡಿ. ಇಲ್ಲದಿದ್ದರೆ ನಾಲ್ಕು ಜನ ತಂತಮ್ಮ ಮನೆಯಲ್ಲಿ ಮಾಡುವ ಪ್ರತಿ ಬಿಲ್ಡೂ ಹೊರಗೆ ಹೋಗುತ್ತಿರುತ್ತದೆ.

ಬರಿಯ ಲಿಂಕಿನಿಂದ ಪ್ರಯೋಜನ ಕಡಿಮೆ. ಸ್ಕ್ಯಾನಿಗೆ ನಮ್ಮದೇ ಟ್ಯಾಗ್ ಮತ್ತು ಹೆಸರು-ಮೌಲ್ಯದ ಜೋಡಿಗಳನ್ನು ಸೇರಿಸಬಹುದು. ಬ್ರ್ಯಾಂಚ್, ಕಮಿಟ್ ಸಂಖ್ಯೆ, ರನ್ ಸಂಖ್ಯೆ ಹಾಕಿ. ಇವಕ್ಕೆ 'ಕಾಮನ್ ಕಸ್ಟಮ್ ಯೂಸರ್ ಡೇಟಾ' ಅಂತ ಸಿದ್ಧ ಪ್ಲಗಿನ್ನೇ ಇದೆ. ಅದರ ಜೊತೆಗೆ ನೀವೇ ಇನ್ನೊಂದು ಹಾಕಬೇಕು, ಮಷೀನಿನ ಟೈಮ್ ಜೋನ್. ಯಾಕೆ ಅಂತ ಸ್ವಲ್ಪ ಹೊತ್ತಿನಲ್ಲಿ ಗೊತ್ತಾಗುತ್ತದೆ.

ಜೆಂಕಿನ್ಸ್ ಬಳಸುವವರಿಗೆ ದಾರಿ ಇನ್ನೂ ಚಿಕ್ಕದು. ಜೆಂಕಿನ್ಸಿನ ಗ್ರೇಡಲ್ ಪ್ಲಗಿನ್ ಹಾಕಿ, ಪೈಪ್‌ಲೈನಿನಲ್ಲಿ ಗ್ರೇಡಲ್ ಕಮ್ಯಾಂಡನ್ನು 'ವಿತ್‌ಗ್ರೇಡಲ್' ಹಂತದೊಳಗೆ ಇಟ್ಟರೆ, ಲಾಗಿನಲ್ಲಿ ಬರುವ ಸ್ಕ್ಯಾನ್ ಲಿಂಕನ್ನು ಅದೇ ಹುಡುಕಿ ಬಿಲ್ಡ್ ಪುಟದಲ್ಲಿ ತೋರಿಸುತ್ತದೆ.

ಏನು ಹೊರಗೆ ಹೋಗುತ್ತಿದೆ?

ಷರತ್ತು ಒಪ್ಪುವ ಮೊದಲು ಕೇಳಬೇಕಾದ ಪ್ರಶ್ನೆ ಇದು. ಸಾರ್ವಜನಿಕ ಸೇವೆಯ ಲಿಂಕ್ ಯಾರ ಕೈಗೆ ಸಿಕ್ಕರೂ ತೆರೆಯುತ್ತದೆ. ಅದರಲ್ಲಿ ಕಂಪ್ಯೂಟರಿನ ಬಳಕೆದಾರ ಹೆಸರು, ಹೋಸ್ಟ್ ಹೆಸರು, ಒಳಗಿನ ಐಪಿ ವಿಳಾಸ, ಪ್ರಾಜೆಕ್ಟ್ ಬಳಸುವ ಪ್ರತಿ ಲೈಬ್ರರಿ ಮತ್ತು ಅದರ ಆವೃತ್ತಿ ಇರುತ್ತವೆ. ಮೂಲ ಕೋಡ್ ಹೋಗುವುದಿಲ್ಲ, ಆದರೆ ಕನ್ಸೋಲಿನಲ್ಲಿ ಮೂಡಿದ ಸಾಲುಗಳೆಲ್ಲ ಹೋಗುತ್ತವೆ.

ಕೊನೆಯದೇ ಅಪಾಯ. ಡೇಟಾಬೇಸ್ ಪಾಸ್‌ವರ್ಡನ್ನೋ, ಎಸ್ಎಂಎಸ್ ಸೇವೆಯ ಕೀಯನ್ನೋ ಗಿಟ್‌ಹಬ್ ಸೀಕ್ರೆಟ್ಸಿನಲ್ಲಿ ಇಟ್ಟಿದ್ದೇವೆ, ಲಾಗಿನಲ್ಲಿ ಅದು ಮೂರು ನಕ್ಷತ್ರ ಚಿಹ್ನೆಯಾಗಿ ಮುಚ್ಚಿಹೋಗುತ್ತದೆ, ಹಾಗಾಗಿ ಪರವಾಗಿಲ್ಲ ಅಂತ ನೆಮ್ಮದಿಯಾಗಿರುತ್ತೇವೆ. ಆ ನಕ್ಷತ್ರ ಹಾಕೋದು ರನ್ನರ್, ಲಾಗ್ ಗಿಟ್‌ಹಬ್‌ಗೆ ಹೋಗುವ ಬಾಗಿಲಲ್ಲಿ ನಿಂತು. ಸ್ಕ್ಯಾನ್ ಪ್ಲಗಿನ್ ಇರೋದು ಗ್ರೇಡಲ್‌ನ ಒಳಗೆ. ಅದು ಸಾಲನ್ನು ಹಿಡಿಯೋದು ಆ ಬಾಗಿಲಿಗೆ ಬರುವ ಮೊದಲೇ. ಡೀಬಗ್ ಮಾಡೋಕೆ ಅಂತ ಯಾರಾದರೂ ಹಾಕಿ ಮರೆತ ಒಂದು ಪ್ರಿಂಟ್ ಸಾಲು ಇದ್ದರೆ ಗಿಟ್‌ಹಬ್ ಲಾಗಿನಲ್ಲಿ ನಕ್ಷತ್ರ ಕಾಣುತ್ತದೆ, ಸ್ಕ್ಯಾನಿನಲ್ಲಿ ನಿಮ್ಮ ಪಾಸ್‌ವರ್ಡ್ ಇದ್ದ ಹಾಗೇ ಕಾಣುತ್ತದೆ. ಇದನ್ನು ಜೋಡಿಸುವ ಮೊದಲು ಒಮ್ಮೆ ಹಳೇ ಲಾಗುಗಳಲ್ಲಿ ನಕ್ಷತ್ರ ಎಲ್ಲೆಲ್ಲಿ ಬಂದಿದೆ ಅಂತ ಹುಡುಕಿ. ಬಂದ ಕಡೆಯೆಲ್ಲ ಆ ಪ್ರಿಂಟನ್ನು ಕಿತ್ತುಹಾಕಿ.

ಬಳಕೆದಾರ ಹೆಸರು, ಹೋಸ್ಟ್, ಐಪಿ ಮೂರನ್ನೂ ಮರೆಮಾಚುವ ಸೆಟ್ಟಿಂಗ್ ಇದೆ. ಕನ್ಸೋಲ್ ಲಾಗ್, ಟೆಸ್ಟ್ ಲಾಗ್ ಹಿಡಿಯಬೇಡ ಅನ್ನುವ ಸೆಟ್ಟಿಂಗೂ ಇದೆ. ಕಂಪನಿಯಲ್ಲಿ ಇಂಟರ್ನ್‌ಶಿಪ್ ಮಾಡುತ್ತಿರುವವರಿಗೆ ಬೇರೆಯದೇ ಮಾತು. ಕಂಪನಿ ಕೋಡಿನ ಮೇಲೆ ಸಾರ್ವಜನಿಕ ಸ್ಕ್ಯಾನ್ ಓಡಿಸಬೇಡಿ. ಕೇಳಿ, ಅವರದೇ ಸರ್ವರ್ ಇರಬಹುದು. ಇದ್ದರೆ ಅದಕ್ಕೆ ಆ್ಯಕ್ಸೆಸ್ ಕೀ ಬೇಕು, ಅದನ್ನು ಸೀಕ್ರೆಟ್ಸಿನಲ್ಲೇ ಇಡಬೇಕು. ಹೊರಗಿನವರು ಫೋರ್ಕ್ ಮಾಡಿ ಕಳಿಸುವ ಪುಲ್ ರಿಕ್ವೆಸ್ಟಿಗೆ ಗಿಟ್‌ಹಬ್ ಸೀಕ್ರೆಟ್ಸ್ ಕೊಡುವುದಿಲ್ಲ, ಹಾಗಾಗಿ ಅವರ ಬಿಲ್ಡಿಗೆ ಸ್ಕ್ಯಾನ್ ಬರದಿದ್ದರೆ ಅದು ದೋಷವಲ್ಲ, ಹಾಗಿರಬೇಕಾದದ್ದೇ.

ಒಂದೂಕಾಲಿನ ಬಿಲ್ಡ್

ಈಗ ಆ ಕೆಂಪು ಬಿಲ್ಡಿಗೆ ಬರೋಣ. ಒಂದು ಸ್ಕ್ಯಾನಿನಿಂದ ಏನೂ ತಿಳಿಯಲ್ಲ. "ಇಂದಿನ ದರ" ಅನ್ನುವ ಟೆಸ್ಟ್ ಬಿದ್ದಿದೆ, ಇಂದಿನ ದರ ಕೇಳಿದರೆ ನಿನ್ನೆಯದು ಬಂದಿದೆ. ಅಷ್ಟೇ. ಹತ್ತು ಹನ್ನೆರಡು ಕೆಂಪು ಬಿಲ್ಡನ್ನು ಪಕ್ಕಪಕ್ಕ ಇಟ್ಟು, ಅವು ಶುರುವಾದ ಹೊತ್ತನ್ನು ಮಾತ್ರ ನೋಡಿದರೆ ಕಥೆ ಬಿಚ್ಚಿಕೊಳ್ಳುತ್ತದೆ. 12:40, 1:15, 2:05, 4:50. ಬೆಳಗ್ಗೆ ಐದೂವರೆ ಆದ ಮೇಲೆ ಈ ಟೆಸ್ಟ್ ಒಂದು ಸಲವೂ ಬಿದ್ದಿಲ್ಲ. ಟೈಮ್ ಜೋನ್ ಮೌಲ್ಯ ನೋಡಿದರೆ ಯುಟಿಸಿ.

ಗಿಟ್‌ಹಬ್ ರನ್ನರಿನ ಗಡಿಯಾರ ಯುಟಿಸಿಯಲ್ಲಿ ಓಡುತ್ತದೆ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಹಾಸನದಲ್ಲಿ 15ನೇ ತಾರೀಖು ರಾತ್ರಿ 1:15 ಆದಾಗ ಆ ಮಷೀನಿಗೆ ಇನ್ನೂ 14ನೇ ತಾರೀಖಿನ ಸಂಜೆ 7:45. ಟೆಸ್ಟಿಗೆ ಬೇಕಾದ ಮಾದರಿ ದರಪಟ್ಟಿ ತಯಾರಿಸುವ ಕೋಡಿನಲ್ಲಿ ಭಾರತದ ಸಮಯ ಅಂತ ಸ್ಪಷ್ಟವಾಗಿ ಬರೆದಿದೆ. ದರ ಹುಡುಕುವ ಕೋಡಿನಲ್ಲಿ "ಇವತ್ತು ಯಾವ ತಾರೀಖು?" ಅಂತ ಮಷೀನನ್ನು ಸುಮ್ಮನೆ ಕೇಳಿದೆ, ಯಾವ ಜೋನ್ ಅಂತ ಹೇಳಿಲ್ಲ. ಲ್ಯಾಪ್‌ಟಾಪಿನಲ್ಲಿ ಎರಡೂ ಒಂದೇ ಉತ್ತರ. ರನ್ನರಿನಲ್ಲಿ ದಿನದ ಹದಿನೆಂಟೂವರೆ ಗಂಟೆ ಒಂದೇ ಉತ್ತರ, ಐದೂವರೆ ಗಂಟೆ ಬೇರೆ ಉತ್ತರ. ನಾವು ಪುಶ್ ಮಾಡೋದು ರಾತ್ರಿಯೇ ಹೆಚ್ಚು, ಅದರಿಂದ ಕಣ್ಣಿಗೆ ಬಿತ್ತು. ಆಫೀಸ್ ಟೈಮಿನಲ್ಲಿ ಕೆಲಸ ಮಾಡುವ ಶಿಸ್ತಿನವರಾಗಿದ್ದರೆ ಇದು ಸಿಗುತ್ತಲೇ ಇರಲಿಲ್ಲವೇನೋ!

ಹಾಗಾದರೆ ಟೆಸ್ಟಿಗೆ ಫ್ಲೇಕಿ ಅಂತ ಹೆಸರಿಟ್ಟದ್ದು ಅನ್ಯಾಯ. ಅದು ಹೇಳುತ್ತಿದ್ದದ್ದು ನಿಜ. ಈ ಆ್ಯಪಿನ ಸರ್ವರನ್ನು ಯಾವುದೋ ಕ್ಲೌಡಿನಲ್ಲಿ ಏರಿಸಿದರೆ ಅಲ್ಲಿಯೂ ಗಡಿಯಾರ ಸಾಮಾನ್ಯವಾಗಿ ಯುಟಿಸಿಯೇ. ಅರಕಲಗೂಡಿನ ಕಡೆಯ ಒಬ್ಬ ರೈತ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು, ಆಲೂಗಡ್ಡೆ ಮೂಟೆ ಗಾಡಿಗೆ ಏರಿಸುವ ಮೊದಲು ಫೋನ್ ತೆಗೆದು ನೋಡುತ್ತಾನೆ ಅಂದುಕೊಳ್ಳಿ. ಪರದೆ ಮೇಲೆ "ಇಂದು" ಅಂತ ಬರೆದಿರುತ್ತದೆ, ತಾರೀಖಿನ ಲೆಕ್ಕ ಮಾತ್ರ ನಿನ್ನೆಯದು. ಅಂದರೆ ಅವನು "ನಿನ್ನೆಯದು" ಅಂದುಕೊಂಡು ಓದುವ ದರ ಮೊನ್ನೆಯದು. ಯಾವ ಹೊತ್ತಿನಲ್ಲಿ ಆ ಆ್ಯಪ್ ರೈತನಿಗೆ ಬೇಕೋ ಸರಿಯಾಗಿ ಅದೇ ಹೊತ್ತಿನಲ್ಲಿ ತಪ್ಪು ಹೇಳುತ್ತದೆ. ಪ್ರತಿ ರೀ-ರನ್ ಹೊಡೆದಾಗಲೂ ಆ ಮಾತನ್ನು ಹೇಳಲು ಬಂದ ಟೆಸ್ಟಿನ ಬಾಯಿ ಮುಚ್ಚಿಸಿದ ಹಾಗಾಯಿತು.

ಸರಿಮಾಡುವಾಗಲೂ ಒಂದು ಎಚ್ಚರ ಬೇಕು. ವರ್ಕ್‌ಫ್ಲೋ ಫೈಲಿನಲ್ಲಿ ಟೈಮ್ ಜೋನನ್ನು ಕೋಲ್ಕತಾ ಅಂತ ಬದಲಿಸಿದರೆ ಟೆಸ್ಟ್ ಹಸಿರಾಗುತ್ತದೆ. ಒಂದೇ ಸಾಲಿನ ಕೆಲಸ, ಆಸೆಯಾಗುತ್ತದೆ. ಸರ್ವರಿನಲ್ಲಿರುವ ತಪ್ಪು ಮಾತ್ರ ಹಾಗೇ ಉಳಿಯುತ್ತದೆ, ಈಗ ಹೇಳುವವರೂ ಇಲ್ಲ. ಕೋಡಿನಲ್ಲೇ ಜೋನ್ ಬರೆಯಿರಿ. ಜಾವಾದ 'ಕ್ಲಾಕ್' ವಸ್ತುವನ್ನು ಹೊರಗಿನಿಂದ ಕೊಡುವ ಹಾಗೆ ಮಾಡಿ. ಆಗ ಟೆಸ್ಟಿನಲ್ಲಿ ಗಡಿಯಾರವನ್ನು ರಾತ್ರಿ 1:15ಕ್ಕೆ ನಿಲ್ಲಿಸಿ ಮಟಮಟ ಮಧ್ಯಾಹ್ನವೂ ಪರೀಕ್ಷಿಸಬಹುದು.

ಕನ್ನಡ ಬಳಸುವವರಿಗೆ ಇನ್ನೊಂದು

ಸ್ಕ್ಯಾನಿನಲ್ಲಿ ಇನ್‌ಫ್ರಾಸ್ಟ್ರಕ್ಚರ್ ಅಂತ ಒಂದು ಪುಟ ಇದೆ. ಆಪರೇಟಿಂಗ್ ಸಿಸ್ಟಂ, ಸಿಪಿಯು ಕೋರ್, ಜಾವಾ ಆವೃತ್ತಿ, ಹೀಪ್ ಎಷ್ಟು, ಲೊಕೇಲ್, ಡೀಫಾಲ್ಟ್ ಕ್ಯಾರೆಕ್ಟರ್ ಸೆಟ್. ಎಲ್ಲರೂ ದಾಟಿಸಿ ಹೋಗುವ ಪುಟ. ಕನ್ನಡದಲ್ಲಿ ಆ್ಯಪ್ ಮಾಡುವವರು ದಾಟಿಸಬಾರದು.

ಬೆಳೆಯ ಹೆಸರುಗಳಿರುವ ಫೈಲನ್ನು ಎನ್‌ಕೋಡಿಂಗ್ ಹೇಳದೆ ಓದುವ ಕೋಡ್ ಇದೆ ಅಂತಿಟ್ಟುಕೊಳ್ಳಿ. 'ಆಲೂಗಡ್ಡೆ'ಯ ಉದ್ದ ಯೂನಿಕೋಡ್ ಲೆಕ್ಕದಲ್ಲಿ 8. ಸಿಐನ ಲಿನಕ್ಸಿನಲ್ಲಿ ಟೆಸ್ಟ್ ಪಾಸು. ಜಾವಾ 17 ಇರುವ ಲ್ಯಾಬಿನ ವಿಂಡೋಸಿನಲ್ಲಿ ಫೇಲು, ಉದ್ದ 24 ಅಂತ ಬರುತ್ತದೆ. ಕನ್ನಡದ ಪ್ರತಿ ಚಿಹ್ನೆಗೂ ಯುಟಿಎಫ್-8ರಲ್ಲಿ 3 ಬೈಟ್ ಬೇಕು. ವಿಂಡೋಸಿನ ಹಳೇ 1252 ಕ್ಯಾರೆಕ್ಟರ್ ಸೆಟ್ ಒಂದೊಂದು ಬೈಟನ್ನೂ ಒಂದೊಂದು ಅಕ್ಷರ ಅಂತ ಓದುತ್ತದೆ, ಎಂಟು ಮೂರಲ ಇಪ್ಪತ್ನಾಲ್ಕು. ಪರದೆ ಮೇಲೆ ಆಲೂಗಡ್ಡೆ ಬದಲು ತಲೆ ಮೇಲೆ ಓರೆಗೆರೆ ಇರುವ ಇಂಗ್ಲಿಷ್ 'ಎ', ಅದರ ಪಕ್ಕ ಪುಟಾಣಿ 2, ಪುಟಾಣಿ 3 ಇರುವ ಸಾಲು ನೋಡಿದ್ದೀರಲ್ಲ, ಅದು ಇದೇ. ಕನ್ನಡದ ಬೈಟುಗಳು ಶುರುವಾಗುವ ರೀತಿಯೇ ಅಂಥದು. 2022ರ ಜಾವಾ 18ರಿಂದ ಎಲ್ಲ ಕಡೆಯೂ ಯುಟಿಎಫ್-8 ಡೀಫಾಲ್ಟ್ ಆಗಿದೆ, ಹಾಗಾಗಿ ಹೊಸ ಜಾವಾದಲ್ಲಿ ಈ ತೊಂದರೆ ತಾನಾಗಿ ಮಾಯವಾದಂತೆ ಕಾಣುತ್ತದೆ. ಲ್ಯಾಬಿನ ಮಷೀನುಗಳಲ್ಲಿ ಜಾವಾ 8, 11, 17 ಇನ್ನೂ ಇರುವವರೆಗೆ ಫೈಲ್ ಓದುವಾಗ ಎನ್‌ಕೋಡಿಂಗ್ ಹೇಳಿಬಿಡೋದು ಕ್ಷೇಮ. ಲ್ಯಾಬಿನ ಒಂದು ಸ್ಕ್ಯಾನ್, ಸಿಐನ ಒಂದು ಸ್ಕ್ಯಾನ್ ಅಕ್ಕಪಕ್ಕ ತೆರೆದು ಈ ಪುಟ ಹೋಲಿಸಿದರೆ ಎರಡು ನಿಮಿಷದಲ್ಲಿ ಸಿಗುವ ಉತ್ತರ ಇದು.

ನಿಮಿಷದ ಲೆಕ್ಕ

ಗಿಟ್‌ಹಬ್‌ನ ಉಚಿತ ಪ್ಲಾನಿನಲ್ಲಿ ಪ್ರೈವೇಟ್ ರೆಪೊಗಳಿಗೆ ತಿಂಗಳಿಗೆ 2,000 ನಿಮಿಷ ಸಿಗುತ್ತದೆ. ಬಿಲ್ಡಿಗೆ 12 ನಿಮಿಷ ಹಿಡಿದರೆ ತಿಂಗಳಿಗೆ 166 ಬಿಲ್ಡ್, ನಾಲ್ಕು ಜನಕ್ಕೆ ಹಂಚಿದರೆ ತಲಾ 41. ಅದರಲ್ಲಿ ಮನಸ್ಸಿಗೆ ಬಂದ ಹಾಗೆ ಹೊಡೆದ ರೀ-ರನ್ನುಗಳೂ ಸೇರಿ. 5 ನಿಮಿಷಕ್ಕೆ ಇಳಿಸಿದರೆ 400 ಬಿಲ್ಡ್.

ಎಲ್ಲಿ ಇಳಿಸೋದು ಅಂತ ಊಹೆ ಮಾಡಬೇಡಿ, ಸ್ಕ್ಯಾನಿನ ಪರ್ಫಾರ್ಮೆನ್ಸ್ ಪುಟ ಮತ್ತು ಟೈಮ್‌ಲೈನ್ ನೋಡಿ. ಪ್ರತಿ ಸಲ ಅದೇ ಲೈಬ್ರರಿಗಳ ಡೌನ್‌ಲೋಡ್ ಕಂಡರೆ ಸೆಟಪ್-ಗ್ರೇಡಲ್ ಕೊಡುವ ಕ್ಯಾಶ್ ಸಾಕು. (ಇದು ಕೈಯಲ್ಲಿ ಎಣಿಸುವ ಕ್ಯಾಶ್ ಅಲ್ಲ, ಆದರೂ ಉಳಿತಾಯ ಹೆಚ್ಚುಕಮ್ಮಿ ಅದೇ.) ನಾಲ್ಕು ಮಾಡ್ಯೂಲುಗಳು ಒಂದರ ಹಿಂದೆ ಒಂದು ಸಾಲಾಗಿ ಓಡುತ್ತಿದ್ದರೆ ಪ್ಯಾರಲಲ್ ಸೆಟ್ಟಿಂಗ್ ಹಾಕಿ. ಬಿಲ್ಡ್ ಕ್ಯಾಶ್ ಹಾಕಿದ ಮೇಲೂ ಟೆಸ್ಟುಗಳು ಪ್ರತಿ ಸಲ ಹೊಸದಾಗಿ ಓಡುತ್ತಿದ್ದರೆ, ಬಿಲ್ಡ್ ಆದ ಸಮಯವನ್ನು ಯಾವುದೋ ಪ್ರಾಪರ್ಟೀಸ್ ಫೈಲಿನಲ್ಲಿ ಬರೆಯುವ ಸಾಲು ಇದೆಯಾ ಹುಡುಕಿ. ಆ ಒಂದು ಸಾಲಿನಿಂದ ಪ್ರತಿ ಬಿಲ್ಡಿನ ಇನ್‌ಪುಟ್ ಬೇರೆಯಾಗಿ ಕ್ಯಾಶ್ ಕೆಲಸಕ್ಕೆ ಬಾರದ ಹಾಗಾಗುತ್ತದೆ.

ಕ್ಯಾಶ್ ಕೆಲಸ ಮಾಡತೊಡಗಿದ ಮೇಲೂ ಒಂದು ಮಾತು ನೆನಪಿರಲಿ. ಟೆಸ್ಟ್ ಟಾಸ್ಕಿನ ಮುಂದೆ 'ಫ್ರಮ್ ಕ್ಯಾಶ್' ಅಂತಿದ್ದರೆ ಆ ಟೆಸ್ಟ್ ಈಗ ಓಡಿಲ್ಲ, ಹಿಂದಿನ ಫಲಿತಾಂಶ ಎತ್ತಿ ಕೊಟ್ಟಿದೆ. ಗಡಿಯಾರದ ಹೊತ್ತು ಗ್ರೇಡಲ್ ಲೆಕ್ಕಕ್ಕೆ ಇನ್‌ಪುಟ್ ಅಲ್ಲ. ಹಾಗಾಗಿ ಬೆಳಗಿನ ಪಾಸು ರಾತ್ರಿ 1:15ಕ್ಕೂ ಪಾಸಾಗಿ ಕಾಣಬಹುದು. ನಮ್ಮ ದರದ ಟೆಸ್ಟ್ ಕ್ಯಾಶ್ ಹಾಕಿದ ಮೇಲೆ ಇನ್ನೂ ಅಪರೂಪಕ್ಕೆ ಬೀಳತೊಡಗಿದರೆ ಅದು ಗುಣವಾಗಿದೆ ಅಂತ ಅರ್ಥವಲ್ಲ.

ನಮ್ಮದೇ ಒಂದು ಪುಸ್ತಕ

ಉಚಿತ ಸೇವೆಯಲ್ಲಿ ಬಿಲ್ಡುಗಳನ್ನು ಒಟ್ಟಿಗೆ ನೋಡೋಕಾಗಲ್ಲ ಅಂದೆನಲ್ಲ. ಊರಿನ ಡೇರಿಯಲ್ಲಿ ಹಾಲು ಹಾಕಿದಾಗ ಲೀಟರು, ಫ್ಯಾಟು, ಎಸ್ಎನ್ಎಫ್ಫು ಪುಸ್ತಕದಲ್ಲಿ ಬರೆದುಕೊಡುತ್ತಾರೆ. ಒಂದು ದಿನದ ಅಂಕಿ ನೋಡಿ ಯಾರೂ ಏನೂ ಹೇಳಲ್ಲ. ಹದಿನೈದು ದಿನದ್ದು ನೋಡಿ "ಮೇವು ಬದಲಾಯ್ಸಿದ್ರಾ?" ಅಂತ ಕೇಳ್ತಾರೆ. ಅದೇ ಕೆಲಸ ಇಲ್ಲಿಯೂ. ಪೈಪ್‌ಲೈನಿನ ಕೊನೆಗೆ ಒಂದು ಹಂತ ಸೇರಿಸಿ, ಸಿಎಸ್‌ವಿ ಫೈಲಿಗೋ ಶೀಟಿಗೋ ಬಿಲ್ಡಿಗೊಂದು ಸಾಲು ಬರೆಯಲಿ. ಹೊತ್ತು, ಬ್ರ್ಯಾಂಚ್, ಕಮಿಟ್, ಎಷ್ಟು ಸೆಕೆಂಡ್, ಪಾಸೋ ಫೇಲೋ, ಬಿದ್ದ ಟೆಸ್ಟಿನ ಹೆಸರು, ಎಷ್ಟನೇ ಪ್ರಯತ್ನ, ಸ್ಕ್ಯಾನ್ ಲಿಂಕ್. "ಎಷ್ಟನೇ ಪ್ರಯತ್ನ" ಅನ್ನೋದನ್ನು ಬಿಡಬೇಡಿ. ಅದೇ ಕಮಿಟ್ ಮೊದಲ ಪ್ರಯತ್ನದಲ್ಲಿ ಫೇಲ್, ಎರಡನೆಯದರಲ್ಲಿ ಪಾಸ್ ಆಗಿದ್ದರೆ ಅದೇ ನಾವು ಹುಡುಕುತ್ತಿರುವ ಸಾಲು.

ಈ ಹಂತಕ್ಕೆ ಗಿಟ್‌ಹಬ್ ಆಕ್ಷನ್ಸಿನಲ್ಲಿ "ಯಾವಾಗಲೂ ಓಡಿಸು" ಅನ್ನುವ ಷರತ್ತು ಹಾಕಬೇಕು. ಜೆಂಕಿನ್ಸಿನಲ್ಲಾದರೆ 'ಪೋಸ್ಟ್' ಭಾಗದ 'ಆಲ್ವೇಸ್' ಒಳಗೆ ಇಡಬೇಕು. ಸುಮ್ಮನೆ ಟೆಸ್ಟ್ ಆದ ಮೇಲಿನ ಹಂತವಾಗಿ ಬರೆದರೆ, ಟೆಸ್ಟ್ ಬಿದ್ದ ಕೂಡಲೇ ಪೈಪ್‌ಲೈನ್ ಅಲ್ಲೇ ನಿಂತು, ಯಾವ ಬಿಲ್ಡಿನ ಬಗ್ಗೆ ತಿಳಿಯಬೇಕಿತ್ತೋ ಅದರ ಸಾಲೇ ಬರೆದಿರುವುದಿಲ್ಲ. ಪುಸ್ತಕದ ತುಂಬಾ ಪಾಸುಗಳೇ. ಇದಕ್ಕೆ ಎದುರು ಬದಿಯ ಎಚ್ಚರವೂ ಇದೆ. ಶೀಟಿಗೆ ಬರೆಯೋಕಾಗದಿದ್ದರೆ ಅದರಿಂದ ಬಿಲ್ಡ್ ಬೀಳಬಾರದು, "ತಪ್ಪಾದರೂ ಮುಂದುವರಿ" ಅಂತ ಹೇಳಿಡಿ. ಬಿಲ್ಡ್ ಸ್ಕ್ಯಾನ್ ಪ್ಲಗಿನ್ ಕೂಡ ಹೀಗೇ ನಡೆದುಕೊಳ್ಳುತ್ತದೆ, ಅಪ್‌ಲೋಡ್ ಆಗದಿದ್ದರೆ ಒಂದು ಎಚ್ಚರಿಕೆ ಬರೆದು ಸುಮ್ಮನಾಗುತ್ತದೆ.

ಏನನ್ನೂ ಹೊರಗೆ ಕಳಿಸುವ ಮನಸ್ಸಿಲ್ಲ, ಅಥವಾ ಲ್ಯಾಬಿನಲ್ಲಿ ನೆಟ್ ಇಲ್ಲ ಅನ್ನುವವರು ಗ್ರೇಡಲ್‌ಗೆ 'ಪ್ರೊಫೈಲ್' ಅನ್ನುವ ಆಪ್ಶನ್ ಕೊಟ್ಟು ನೋಡಿ. ಯಾವ ಟಾಸ್ಕಿಗೆ ಎಷ್ಟು ಹೊತ್ತು ಅನ್ನುವ ವರದಿ ನಿಮ್ಮ ಬಿಲ್ಡ್ ಫೋಲ್ಡರಿನಲ್ಲೇ ಬಂದು ಕೂರುತ್ತದೆ. ಜೆಂಕಿನ್ಸಿನ ಜೆಯೂನಿಟ್ ಪ್ಲಗಿನ್ ಟೆಸ್ಟುಗಳ ಏರಿಳಿತದ ಗ್ರಾಫ್ ಕೊಡುತ್ತದೆ. ಅರ್ಧ ಕೆಲಸ ಇವೆರಡರಲ್ಲೇ ಆಗುತ್ತದೆ.

ನೂರಾರು ಜನ ಸೇರಿ ಬರೆಯುವ ಪ್ರಾಜೆಕ್ಟುಗಳು ಇದನ್ನು ಹೇಗೆ ಬಳಸುತ್ತವೆ ಅಂತ ನೋಡುವ ಆಸಕ್ತಿ ಇದ್ದರೆ ಅಪಾಚೆ ಫೌಂಡೇಶನ್ನಿನ ಡೆವಲಾಸಿಟಿ ಸರ್ವರ್ ಎಲ್ಲರಿಗೂ ತೆರೆದಿದೆ, ಸ್ಪ್ರಿಂಗ್‌ನವರದೂ ಇದೆ. ಅಪಾಚೆ ಸರ್ವರಿನಲ್ಲಿ ಕಾಫ್ಕಾ ಪ್ರಾಜೆಕ್ಟನ್ನು ಆರಿಸಿ, ಟೆಸ್ಟುಗಳ ಪುಟಕ್ಕೆ ಹೋಗಿ, ಫ್ಲೇಕಿ ಅನ್ನುವುದರ ಮೇಲೆ ಕ್ಲಿಕ್ ಮಾಡಿ. ಒಂದು ಟೆಸ್ಟ್ ತೆರೆದು, ಅದು ಬಿದ್ದ ಬಿಲ್ಡುಗಳಲ್ಲಿ ಸಮಾನವಾದದ್ದು ಏನು ಅಂತ ಹುಡುಕಿ: ಹೊತ್ತೋ, ಜಾವಾ ಆವೃತ್ತಿಯೋ, ಕೋರುಗಳ ಸಂಖ್ಯೆಯೋ. ಸಿಕ್ಕಿದರೆ ಅದನ್ನು ಅವರ ಇಶ್ಯೂ ಪಟ್ಟಿಯಲ್ಲಿ ಬರೆಯಬಹುದು, ವಿದ್ಯಾರ್ಥಿಗಳಿಂದ ಬಂದರೂ ಓದುತ್ತಾರೆ.